ಕರಿನೀರು ದಾಟಿದ ಹೆಂಗಸರು

ಅಂಡಮಾನಿಗೆ ಹೋಗಿಬರುವುದು ಈಗ ಧರ್ಮಸ್ಥಳಕ್ಕೆ ಹೋಗಿಬಂದಷ್ಟು ಸಲೀಸಾಗಿದೆ. ಬೆಂಗಳೂರಿನಲ್ಲಿ ಬೆಳಿಗ್ಗೆ ವಿಮಾನ ಹತ್ತಿದರೆ ಮಧ್ಯಾಹ್ನದ ಊಟ ದ್ವೀಪದಲ್ಲಿ. ಕೇಂದ್ರ ಸರ್ಕಾರದ ನೌಕರರು ಎಲ್‌ಟಿಸಿಯಲ್ಲಿ ಹೋಗುತ್ತಾರೆ, ಹೊಸ ಜೋಡಿಗಳು ಮಧುಚಂದ್ರಕ್ಕೆ ಹೋಗುತ್ತಾರೆ, ಮಕ್ಕಳ ಮದುವೆ ಮುಗಿಸಿ ಹಗುರಾದ ನನ್ನಂಥವರು ಟೂರಿನವರ ಜೊತೆ ಹೋಗುತ್ತಾರೆ. ಬಂದವರು ಹೇಳುವ ಪಟ್ಟಿಯೂ ಸಾಮಾನ್ಯವಾಗಿ ಒಂದೇ. ಸೆಲ್ಯುಲರ್ ಜೈಲು, ಅಲ್ಲಿ ಸಂಜೆಯ ಧ್ವನಿ-ಬೆಳಕಿನ ಕಾರ್ಯಕ್ರಮ, ರಾಸ್ ದ್ವೀಪದ ಜಿಂಕೆಗಳು, ನಾರ್ತ್ ಬೇಯಲ್ಲಿ ಗಾಜಿನ ತಳದ ದೋಣಿಯಿಂದ ಕಂಡ ಹವಳ, ಬಾರಾಟಾಂಗಿನ ಸುಣ್ಣದ ಕಲ್ಲಿನ ಗುಹೆ, ಹ್ಯಾವ್‌ಲಾಕಿನ ರಾಧಾನಗರದ ಮರಳು. ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಬಿಗಿದುಕೊಂಡು, ನಗಬೇಕೋ ಹೆದರಬೇಕೋ ತಿಳಿಯದೆ ನಿಂತ ಫೋಟೋ ಒಂದು ಇದ್ದೇ ಇರುತ್ತದೆ.

ಇದರಲ್ಲಿ ತಪ್ಪೇನೂ ಇಲ್ಲ. ಸಮುದ್ರ ಅಲ್ಲಿ ನಿಜಕ್ಕೂ ಚೆಲುವಾಗಿದೆ. ಮಲ್ಪೆ, ಕಾರವಾರಗಳ ಕಡಲು ನೋಡಿ ಬೆಳೆದವರೂ ಅಲ್ಲಿಯ ನೀರಿನ ಬಣ್ಣ ಕಂಡು ಒಂದು ಗಳಿಗೆ ಸುಮ್ಮನಾಗುತ್ತಾರೆ. ಬೆಳಿಗ್ಗೆ ಐದಕ್ಕೆಲ್ಲ ಬೆಳಕು ಹರಿದು, ಸಂಜೆ ಐದೂವರೆಗೆ ಕತ್ತಲು ಕವಿಯುವ ಊರು ಅದು. ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಅವರದು.

ಆದರೆ ಈ ಪಟ್ಟಿಯ ಹೆಚ್ಚಿನ ಜಾಗಗಳ ಹಿಂದೆ ಒಬ್ಬಳಲ್ಲ ಒಬ್ಬಳು ಹೆಂಗಸಿನ ಕಥೆಯಿದೆ. ಅದನ್ನು ಅಲ್ಲಿ ಯಾರೂ ಹೇಳುವುದಿಲ್ಲ. ಸೆಲ್ಯುಲರ್ ಜೈಲಿನ ಅಂಗಳದಲ್ಲಿ ನಿಂತು ನಮ್ಮ ಗೈಡನ್ನು ನಾನು ಕೇಳಿದೆ: “ಹೆಂಗಸರನ್ನು ಎಲ್ಲಿ ಇಡುತ್ತಿದ್ದರಪ್ಪಾ?” ಒಳ್ಳೆಯ ಹುಡುಗ, ತನ್ನ ಪಾಠವನ್ನು ಚೆನ್ನಾಗಿ ಒಪ್ಪಿಸುತ್ತಿದ್ದ. ಒಂದು ಕ್ಷಣ ನನ್ನ ಮುಖ ನೋಡಿ, “ಇಲ್ಲಿ ಹೆಂಗಸರು ಇರಲಿಲ್ಲ ಮಾಜೀ” ಎಂದು ಮುಂದಿನ ಕೋಣೆಗೆ ನಡೆದ. ಅವನು ಹೇಳಿದ್ದು ನಿಜವೇ. ಆ ಕಟ್ಟಡದಲ್ಲಿ ಹೆಂಗಸರು ಇರಲಿಲ್ಲ. ಆದರೆ ಆ ಊರಿನಲ್ಲಿ ಇದ್ದರು. ಅವರಿಲ್ಲದಿದ್ದರೆ ಅದು ಊರೇ ಆಗುತ್ತಿರಲಿಲ್ಲ.

ಸೆಲ್ಯುಲರ್ ಜೈಲಿನ ವಿಷಯ ಬಹಳ ಜನಕ್ಕೆ ಗೊತ್ತಿರುವುದರಿಂದ ಚುಟುಕಾಗಿ ಹೇಳುತ್ತೇನೆ. 1896ರಲ್ಲಿ ಕಟ್ಟಲು ಶುರುವಾಗಿ 1906ಕ್ಕೆ ಮುಗಿಯಿತು. ಬರ್ಮಾದಿಂದ ಇಟ್ಟಿಗೆ ತಂದು ಕೈದಿಗಳ ಕೈಯಲ್ಲೇ ಕಟ್ಟಿಸಿದರು. ನಡುವೆ ಒಂದು ಗೋಪುರ, ಅದರಿಂದ ಗಾಡಿಯ ಚಕ್ರದ ಅರಗಳಂತೆ ಹೊರಟ ಏಳು ಸಾಲುಗಳು, ಒಂದೊಂದೂ ಮೂರು ಅಂತಸ್ತು. ಒಬ್ಬೊಬ್ಬ ಕೈದಿಗೆ ಹದಿಮೂರೂವರೆ ಅಡಿ ಉದ್ದ, ಏಳೂವರೆ ಅಡಿ ಅಗಲದ ಒಂದು ಕೋಣೆ. ಒಂದು ಸಾಲಿನ ಬಾಗಿಲು ಇನ್ನೊಂದು ಸಾಲಿನ ಬೆನ್ನಿಗೆ, ಎದುರು ಮುಖ ಕಾಣದ ಹಾಗೆ. ಎತ್ತಿನ ಬದಲು ಮನುಷ್ಯನನ್ನು ಗಾಣಕ್ಕೆ ಕಟ್ಟಿ ದಿನಕ್ಕೆ ಮೂವತ್ತು ಪೌಂಡು ಕೊಬ್ಬರಿ ಎಣ್ಣೆ ತೆಗೆಸುತ್ತಿದ್ದರು. 1933ರ ಉಪವಾಸ ಸತ್ಯಾಗ್ರಹದಲ್ಲಿ ಮಹಾವೀರ್ ಸಿಂಗ್, ಮೋಹನ್ ಕಿಶೋರ್ ನಾಮದಾಸ್, ಮೋಹಿತ್ ಮೈತ್ರ ಎಂಬ ಮೂವರು ಪ್ರಾಣ ಬಿಟ್ಟರು. ಈಗ ಉಳಿದಿರುವುದು ಮೂರೇ ಸಾಲು. ಒಡೆದ ಸಾಲುಗಳ ಜಾಗದಲ್ಲಿ ಆಸ್ಪತ್ರೆ ಎದ್ದಿದೆ. ಉಳಿದದ್ದನ್ನು 1979ರಲ್ಲಿ ರಾಷ್ಟ್ರೀಯ ಸ್ಮಾರಕ ಮಾಡಿದರು.

ಆ ಕೋಣೆಯೊಳಗೆ ಒಮ್ಮೆ ನಿಂತು ಬಂದರೆ ಮಾತು ಹೊರಡುವುದಿಲ್ಲ. ಹಾಗಿದ್ದರೂ ಒಂದು ಲೆಕ್ಕ ಮರೆಯಬಾರದು. ಅಂಡಮಾನಿಗೆ ಕೈದಿಗಳು ಬಂದದ್ದು 1906ರಲ್ಲಲ್ಲ, 1858ರ ಮಾರ್ಚ್ 10ರಂದು. ಹಿಂದಿನ ವರ್ಷದ ಬಂಡಾಯದಲ್ಲಿ ಸಿಕ್ಕಿಬಿದ್ದ ಇನ್ನೂರು ಮಂದಿಯನ್ನು ಹಡಗಿನಲ್ಲಿ ತುಂಬಿಕೊಂಡು ಜೇಮ್ಸ್ ಪ್ಯಾಟಿಸನ್ ವಾಕರ್ ಎಂಬ ಡಾಕ್ಟರು ಬಂದಿಳಿದ. ಆಗ ಅಲ್ಲಿ ಗೋಡೆಯೂ ಇಲ್ಲ, ಬಾಗಿಲೂ ಇಲ್ಲ. ಕಾಡು ಕಡಿಯುವುದೇ ಶಿಕ್ಷೆ, ಸಮುದ್ರವೇ ಗೋಡೆ. ತಪ್ಪಿಸಿಕೊಂಡು ಹೋಗಿ ಸಿಕ್ಕಿಬಿದ್ದ ಎಂಬತ್ತಕ್ಕೂ ಹೆಚ್ಚು ಮಂದಿಯನ್ನು ಆ ಡಾಕ್ಟರು ಗಲ್ಲಿಗೇರಿಸಿದ. ನಮ್ಮ ಅಜ್ಜಿಯರ ಬಾಯಲ್ಲಿ ‘ಕರಿನೀರಿನ ಶಿಕ್ಷೆ’ ಎಂಬ ಮಾತಿಗೆ ಇದ್ದ ಭಯ ಆ ಕಾಲದ್ದು. ಸಮುದ್ರ ದಾಟಿದರೆ ಜಾತಿ ಹೋಯಿತು, ಸತ್ತರೆ ಶ್ರಾದ್ಧಕ್ಕೂ ದಿಕ್ಕಿಲ್ಲ ಎಂಬ ಭಯ.

ಸಾವಿರಾರು ಗಂಡಸರು, ಒಂದೂ ಮನೆಯಿಲ್ಲ. ಸರ್ಕಾರಕ್ಕೆ ಇದು ಬೇಗನೆ ಚಿಂತೆಯಾಯಿತು. ದಯೆಯಿಂದಲ್ಲ, ಲೆಕ್ಕಾಚಾರದಿಂದ. ಹೆಂಡತಿ ಮಕ್ಕಳಿದ್ದ ಕೈದಿ ಓಡಿಹೋಗುವುದಿಲ್ಲ, ಜಗಳ ತೆಗೆಯುವುದಿಲ್ಲ, ನೆಲ ಉಳುತ್ತಾನೆ ಎಂಬುದು ಅವರ ಎಣಿಕೆ. ಮೊದಲು ಕೈದಿಗಳ ಹೆಂಡಿರನ್ನೇ ಊರಿನಿಂದ ಕರೆಸಲು ನೋಡಿದರು. ಬಂದವರು ತೀರ ಕಡಿಮೆ. ಯಾರು ತಾನೆ ಬಂದಾರು! ಆಮೇಲೆ, 1860ರ ಸುಮಾರಿನಿಂದ, ದೇಶದ ಬೇರೆ ಬೇರೆ ಜೈಲುಗಳಲ್ಲಿ ಜೀವಾವಧಿ ಶಿಕ್ಷೆಯಾಗಿದ್ದ ಹೆಂಗಸರನ್ನು ಕಳಿಸತೊಡಗಿದರು.

ಯಾರು ಈ ಹೆಂಗಸರು? ಏನು ಮಾಡಿದ್ದರು? ಬಹಳಷ್ಟು ಮಂದಿಯ ಮೇಲಿದ್ದದ್ದು ಕೊಲೆಯ ಅಪರಾಧ. ಕೊಂದದ್ದು ಹೆಚ್ಚಾಗಿ ಗಂಡನನ್ನು, ಇಲ್ಲವೆ ಹೆತ್ತ ಕೂಸನ್ನು. ಓದಿದ ತಕ್ಷಣ ಮೈ ಜುಮ್ಮೆನ್ನುತ್ತದೆ. ಆದರೆ ಒಂದು ನಿಮಿಷ ತಾಳಿ, ಒಬ್ಬಳ ಕಥೆ ಹೇಳುತ್ತೇನೆ.

1863ರ ಪುಣೆ. ಕಾಶೀಬಾಯಿ ಎಂಬ ಎಳೆಯ ಬ್ರಾಹ್ಮಣ ವಿಧವೆ ಗೋವಂಡೆ ಎಂಬುವರ ಮನೆಯಲ್ಲಿ ಅಡಿಗೆ ಕೆಲಸಕ್ಕಿದ್ದಳು. ಗೋವಂಡೆ ಜೋತಿರಾವ್ ಫುಲೆಯವರ ಸ್ನೇಹಿತರು. ನೆರೆಯ ಒಬ್ಬ ಶಾಸ್ತ್ರಿಯಿಂದ ಅವಳು ಬಸುರಾದಳು. ಇಳಿಸಿಕೊಳ್ಳಲು ಮಾಡಿದ ಉಪಾಯ ಫಲಿಸಲಿಲ್ಲ. ಹೆತ್ತಳು. ಹೆತ್ತ ಮಗುವನ್ನು ಕೊಂದು ಬಾವಿಗೆ ಹಾಕಿದಳು. ಸಿಕ್ಕಿಬಿದ್ದಳು, ವಿಚಾರಣೆಯಾಯಿತು, ಅಂಡಮಾನಿಗೆ ಜೀವಾವಧಿ ಶಿಕ್ಷೆಯಾಯಿತು. ಶಾಸ್ತ್ರಿಗೆ ಏನಾಯಿತು ಎಂದು ಕೇಳುತ್ತೀರೇನೋ. ಕಾಯಿದೆಯ ಪುಸ್ತಕದಲ್ಲಿ ಅವನ ಅಪರಾಧಕ್ಕೆ ಹೆಸರೇ ಇರಲಿಲ್ಲ.

ಈ ಘಟನೆ ಫುಲೆಯವರನ್ನು ಎಷ್ಟು ಕಲಕಿತೆಂದರೆ, ಅದೇ ವರ್ಷ ಜೋತಿರಾವ್ ಮತ್ತು ಸಾವಿತ್ರಿಬಾಯಿ ತಮ್ಮ ಮನೆಯಲ್ಲೇ ಇಂಥ ವಿಧವೆಯರಿಗಾಗಿ ಒಂದು ಬಾಣಂತಿಕೋಣೆ ತೆರೆದರು. ಬನ್ನಿ, ಗುಟ್ಟಾಗಿ ಹೆತ್ತುಕೊಳ್ಳಿ, ಬೇಕಾದರೆ ಮಗುವನ್ನು ಕರೆದುಕೊಂಡು ಹೋಗಿ, ಬೇಡವಾದರೆ ಬಿಟ್ಟುಹೋಗಿ, ಕೊಲ್ಲಬೇಡಿ ಎಂದು ಊರಿನಲ್ಲಿ ಬರೆದು ಅಂಟಿಸಿದರು. ಮುಂದೆ 1874ರಲ್ಲಿ ಅಲ್ಲಿಗೆ ಬಂದ ಇನ್ನೊಬ್ಬ ಕಾಶೀಬಾಯಿ ಹೆತ್ತ ಮಗನನ್ನೇ ದಂಪತಿಗಳು ದತ್ತು ತೆಗೆದುಕೊಂಡರು. ಅವನೇ ಯಶವಂತ, ಮುಂದೆ ಡಾಕ್ಟರಾದವನು. ಸಾವಿತ್ರಿಬಾಯಿಯ ಹೆಸರು ಈಗ ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು. ಆ ಮನೆಯ ಬಾಗಿಲು ತೆರೆಸಿದ ಮೊದಲ ಕಾಶೀಬಾಯಿಯನ್ನು ಮಾತ್ರ ಯಾರೂ ನೆನೆಯುವುದಿಲ್ಲ.

ವಿಧವಾ ವಿವಾಹಕ್ಕೆ ಕಾನೂನು ಒಪ್ಪಿಗೆ ಕೊಟ್ಟದ್ದು 1856ರಲ್ಲಿ. ಕಾನೂನಿನ ಪುಸ್ತಕ ಅಷ್ಟು ಹೇಳಿತು, ಮನೆಯ ಹಿರಿಯರು ಕೇಳಲಿಲ್ಲ. ಹತ್ತು ಹನ್ನೆರಡಕ್ಕೆ ಗಂಡ ಸತ್ತು ತಲೆ ಬೋಳಿಸಿಕೊಂಡ ಹುಡುಗಿ, ಇಪ್ಪತ್ತಕ್ಕೆ ಭಾವನಿಗೋ ನೆಂಟನಿಗೋ ಸಿಕ್ಕಿ ಬಸುರಾದರೆ ಅವಳ ಮುಂದಿದ್ದ ದಾರಿ ಎರಡೇ: ತಾನು ಬಾವಿಗೆ ಬೀಳುವುದು ಅಥವಾ ಕೂಸನ್ನು ಹಾಕುವುದು. ಎರಡನೆಯ ದಾರಿ ಹಿಡಿದವಳನ್ನು ಸರ್ಕಾರ ಗಲ್ಲಿಗೇರಿಸಬೇಕು, ಕನಿಕರ ತೋರಿದರೆ ಕರಿನೀರಿಗೆ ಕಳಿಸಬೇಕು. 1881ರಲ್ಲಿ ಸೂರತ್ತಿನ ವಿಜಯಲಕ್ಷ್ಮಿ ಎಂಬ ವಿಧವೆಗೆ ಮೊದಲು ಗಲ್ಲು ವಿಧಿಸಿದರು, ಆಮೇಲೆ ಅದನ್ನು ಕರಿನೀರಿಗೆ ಇಳಿಸಿದರು, ಕೊನೆಗೆ ಐದು ವರ್ಷದ ಸಜೆ ಮಾಡಿದರು. ಆ ಪ್ರಕರಣದಲ್ಲಿ ಪತ್ರಿಕೆಗಳು ಹೆಂಗಸರ ನಡತೆಯ ಮೇಲೆ ಉಗುಳಿದ್ದನ್ನು ಸಹಿಸದೆ ಬುಲ್ಢಾಣದ ತಾರಾಬಾಯಿ ಶಿಂದೆ 1882ರಲ್ಲಿ ‘ಸ್ತ್ರೀಪುರುಷ ತುಲನಾ’ ಬರೆದರು. ಆಗ ನಮ್ಮ ಧಾರವಾಡ, ಬೆಳಗಾವಿ, ಕಾರವಾರಗಳೂ ಮುಂಬಯಿ ಪ್ರಾಂತ್ಯದಲ್ಲೇ ಇದ್ದವು. ಕಾನೂನು ಒಂದೇ, ಬಾವಿಗಳೂ ಒಂದೇ ಬಗೆಯವು. ಇದನ್ನು ಪರದೇಶದ ಕಥೆ ಎಂದು ಓದಿ ಮುಗಿಸಲು ನನಗೆ ಆಗುವುದಿಲ್ಲ.

ಹೀಗೆ ಹೋದವರನ್ನು ಇಟ್ಟದ್ದು ಸೌತ್ ಪಾಯಿಂಟ್ ಎಂಬಲ್ಲಿ. ಬಂದರಿನ ದಕ್ಷಿಣದ ಮೂಲೆ, ರಾಸ್ ದ್ವೀಪಕ್ಕೆ ಎದುರು ದಡ. ಅಲ್ಲಿತ್ತು ಹೆಂಗಸರ ಜೈಲು. ನೂಲುವುದು, ನೇಯುವುದು, ಹೊಲಿಯುವುದು ಅಲ್ಲಿಯ ಕೆಲಸ. ಕಾಡು ಕಡಿಯುವ ಗಂಡು ಕೈದಿಗಳ ಮೈಮೇಲಿದ್ದ ಒರಟು ಬಟ್ಟೆ ಇವರ ಮಗ್ಗದ್ದು. ಐದು ವರ್ಷ ಹೀಗೆ ಸರಿಯಾಗಿ ನಡೆದುಕೊಂಡವಳಿಗೆ ಒಂದು ಬಾಗಿಲು ತೆರೆಯುತ್ತಿತ್ತು: ಅವಳು ಮದುವೆಯಾಗಬಹುದು. ಗಂಡಸಿಗೂ ನಿಯಮವಿತ್ತು. ಸುಮಾರು ಹತ್ತು ವರ್ಷ ಸಜೆ ಕಳೆದು, ಸ್ವಂತ ದುಡಿದು ತಿನ್ನುವ ಪರವಾನಗಿ ಪಡೆದ ಕೈದಿಯಾಗಿರಬೇಕು. ಅವನಿಗೆ ಒಂದಿಷ್ಟು ನೆಲ, ಒಂದು ಗುಡಿಸಲು.

ಹೆಣ್ಣು ನೋಡುವ ಶಾಸ್ತ್ರವೂ ಇತ್ತು. ಗೊತ್ತಾದ ದಿನ ಮದುವೆಗೆ ಅರ್ಹಳಾದ ಹೆಂಗಸರನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಪರವಾನಗಿ ಪಡೆದ ಗಂಡಸರು ಬಂದು ನೋಡಿ, ಒಪ್ಪಿಗೆಯಾದವಳನ್ನು ತೋರಿಸುತ್ತಿದ್ದರು. ಸಂತೆಯಲ್ಲಿ ದನ ನೋಡಿದ ಹಾಗೆ ಎಂದು ನಿಮಗೆ ಅನ್ನಿಸಬಹುದು, ನನಗೂ ಅನ್ನಿಸಿತು. ಆದರೆ ಸಾಲಿನಲ್ಲಿ ನಿಂತವಳಿಗೂ ಒಂದು ಮಾತಿತ್ತು. ಒಲ್ಲೆ ಎಂದರೆ ಮದುವೆಯಿಲ್ಲ. ಆ ಕಾಲದ ನಮ್ಮ ಊರುಗಳಲ್ಲಿ, ಎಂಟು ವರ್ಷಕ್ಕೆ ಹಸೆಮಣೆಗೆ ಕೂಡಿಸಿದ ಹುಡುಗಿಗೆ ‘ಒಪ್ಪಿಗೆಯೇನಮ್ಮಾ’ ಎಂದು ಕೇಳಿದವರು ಯಾರಿದ್ದರು? ಗಂಡನನ್ನು ಕೊಂದು ಬಂದವಳಿಗೆ, ವಿಧವೆಯಾಗಿ ತಲೆ ಬೋಳಿಸಿಕೊಂಡವಳಿಗೆ, ಹುಟ್ಟಿದಂದಿನಿಂದ ಮೊದಲ ಸಲ ಬೇಕು ಬೇಡ ಹೇಳುವ ಅವಕಾಶ ಸಿಕ್ಕಿದ್ದು ಜೈಲಿನ ಅಂಗಳದಲ್ಲಿ.

ಇದನ್ನು ಬಿಡುಗಡೆ ಎಂದು ಹಾಡಿ ಹೊಗಳುವವರೂ ಇದ್ದಾರೆ. ನಾನು ಅಷ್ಟು ದೂರ ಹೋಗಲಾರೆ. ಒಲ್ಲೆ ಎಂದವಳಿಗೆ ಉಳಿದದ್ದು ಮತ್ತೆ ಅದೇ ಜೈಲು, ಅದೇ ಮಗ್ಗ. ಹೊರಗೆ ಒಬ್ಬ ಹೆಂಗಸಿಗೆ ಎಷ್ಟೋ ಪಾಲು ಹೆಚ್ಚು ಗಂಡಸರು. ಅವರ ನಡುವೆ ಬದುಕುವುದು ಎಂಥದ್ದು ಎಂಬುದನ್ನು ವಿವರಿಸಬೇಕಾಗಿಲ್ಲ. ಹೆಂಡತಿಯ ಮೇಲಿನ ಅನುಮಾನದಿಂದ ಆದ ಕೊಲೆಗಳು ಆ ವಸಾಹತಿನ ಮಾಮೂಲು ಸುದ್ದಿ. ಅಧಿಕಾರಿಗಳ ವರದಿಗಳಲ್ಲಿ ಈ ಹೆಂಗಸರನ್ನು ಕುರಿತ ಮಾತುಗಳಂತೂ ಓದಲು ಕಷ್ಟ. ಗಂಡಸು ಕೈದಿ ತಿದ್ದಿಕೊಳ್ಳಬಲ್ಲ, ಹೆಂಗಸು ಕೆಟ್ಟರೆ ಕೆಟ್ಟಳೇ ಎಂಬ ಧೋರಣೆ. ಅವರೇ ಕರೆತಂದು, ಅವರೇ ಸಾಲಾಗಿ ನಿಲ್ಲಿಸಿ, ಮತ್ತೆ ಅವರೇ ನಡತೆ ಸರಿಯಿಲ್ಲ ಎಂದು ಬರೆದರು.

ನಿಯಮಗಳಲ್ಲಿ ಒಂದು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಇಪ್ಪತ್ತು ಚಿಲ್ಲರೆ ವರ್ಷಗಳ ಶಿಕ್ಷೆ ಮುಗಿದ ಮೇಲೆ ಊರಿಗೆ ಹೋಗಬಹುದಿತ್ತು. ಆದರೆ ಮದುವೆಯಾದವರು ಒಬ್ಬೊಬ್ಬರೇ ಹೋಗುವಂತಿಲ್ಲ. ಇಬ್ಬರ ಅವಧಿಯೂ ಮುಗಿಯಬೇಕು, ಒಟ್ಟಿಗೇ ಹಡಗು ಹತ್ತಬೇಕು. ಮೊದಲು ಮುಗಿಸಿದವರು ಇನ್ನೊಬ್ಬರಿಗಾಗಿ ಕಾಯಬೇಕು. ಕಾಯುವಷ್ಟರಲ್ಲಿ ಮಕ್ಕಳಾಗಿ, ಎಮ್ಮೆ ಕಟ್ಟಿ, ತೆಂಗಿನ ಸಸಿ ಫಲಕ್ಕೆ ಬಂದಿರುತ್ತಿತ್ತು. ಹೋಗುವುದಾದರೂ ಎಲ್ಲಿಗೆ? ಪುಣೆಯ ಬ್ರಾಹ್ಮಣರ ಕೇರಿಗೋ? ಬಹಳ ಜನ ಅಲ್ಲೇ ಉಳಿದರು.

ಆ ಉಳಿದವರ ಸಂತತಿಯೇ ‘ಲೋಕಲ್ ಬಾರ್ನ್’ ಎಂದು ಕರೆಸಿಕೊಳ್ಳುವ ಜನ. ಅಜ್ಜ ಪಂಜಾಬಿ, ಅಜ್ಜಿ ಮದರಾಸಿನವಳು. ಇನ್ನೊಬ್ಬರ ಮನೆಯಲ್ಲಿ ಅಜ್ಜ ಬಂಗಾಳಿ, ಅಜ್ಜಿ ಮುಂಬಯಿ ಕಡೆಯವಳು. ಎರಡು ತಲೆಮಾರು ಕಳೆಯುವಷ್ಟರಲ್ಲಿ ನಮ್ಮಲ್ಲಿ ಇಂದಿಗೂ ಹೊಡೆದಾಟಕ್ಕೆ ಕಾರಣವಾಗುವ ಜಾತಿ, ಒಳಜಾತಿಗಳ ಗೆರೆಗಳು ಅಲ್ಲಿ ಅಳಿಸಿಹೋದವು. ಯಾವ ಸುಧಾರಕರ ಭಾಷಣವೂ ಇರಲಿಲ್ಲ. ಮನೆಯಲ್ಲಿ ಆಡಲು ಇಬ್ಬರಿಗೂ ಬರುವ ಭಾಷೆ ಬೇಕಿತ್ತು, ಹಿಂದುಸ್ತಾನಿ ಹಾಗೆ ಮನೆಮಾತಾಯಿತು. ಇಂದಿಗೂ ಪೋರ್ಟ್ ಬ್ಲೇರಿನ ಬೀದಿಯಲ್ಲಿ ತಮಿಳರು, ತೆಲುಗರು, ಬಂಗಾಳಿಗಳು, ರಾಂಚಿಯವರು ಎಲ್ಲ ಮಾತಾಡುವುದು ಆ ಭಾಷೆಯಲ್ಲೇ. ಮಕ್ಕಳು ಭಾಷೆ ಕಲಿಯುವುದು ತಾಯಿಯ ಬಾಯಿಂದ, ಅಡಿಗೆಮನೆಯ ಹೊಸಿಲಲ್ಲಿ. ಹಾಗಾಗಿ ಆ ಊರಿನ ಮಾತು ಸೌತ್ ಪಾಯಿಂಟಿನ ಹೆಂಗಸರು ಕಟ್ಟಿದ್ದು ಎಂದರೆ ಅತಿಶಯವಾಗಲಾರದು. ಊರಿನೊಳಗೆ ಶಾದಿಪುರ ಎಂಬ ಒಂದು ಬಡಾವಣೆ ಇದೆ. ಮದುವೆಯಾದ ಕೈದಿಗಳು ಸಂಸಾರ ಹೂಡಿದ ಜಾಗ, ಅದಕ್ಕೇ ಆ ಹೆಸರು. ಟೂರಿನ ಬಸ್ಸು ಅಲ್ಲಿ ನಿಲ್ಲುವುದಿಲ್ಲ. ನಿಂತರೂ ತೋರಿಸಲು ಏನಿದೆ? ಮನೆಗಳು, ಒಗೆದು ಹರವಿದ ಬಟ್ಟೆ, ಕುಂಡದಲ್ಲಿ ತುಳಸಿ.

ಊರಿನ ಹೆಸರೂ 2024ರಲ್ಲಿ ಬದಲಾಯಿತು. ಪೋರ್ಟ್ ಬ್ಲೇರ್ ಹೋಗಿ ಶ್ರೀ ವಿಜಯ ಪುರಂ ಆಗಿದೆ. ರಾಸ್ ದ್ವೀಪ 2018ರಲ್ಲೇ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪವಾಯಿತು. ಆಟೋದವರು, ದೋಣಿಯವರು ಹಳೆಯ ಹೆಸರುಗಳನ್ನೇ ಹೇಳುತ್ತಾರೆ, ನಾನೂ ಇಲ್ಲಿ ಹಾಗೇ ಹೇಳುತ್ತಿದ್ದೇನೆ.

ರಾಸ್ ದ್ವೀಪದಲ್ಲಿ ದೊರೆಗಳ ಬಂಗಲೆ, ಇಗರ್ಜಿ, ಬೇಕರಿ, ನಾಟ್ಯದ ಹಾಲು ಎಲ್ಲ ಇದ್ದವು. 1941ರ ಜೂನಿನ ಭೂಕಂಪ, ಮರುವರ್ಷ ಮಾರ್ಚಿಯಲ್ಲಿ ಬಂದಿಳಿದ ಜಪಾನೀಯರು, ಇಬ್ಬರೂ ಸೇರಿ ಅದನ್ನು ಮುಗಿಸಿದರು. ಈಗ ಗೋಡೆಗಳನ್ನು ಆಲದ ಬೇರುಗಳು ಹಿಡಿದು ನಿಂತಿವೆ. ನೋಡಲು ಚೆಂದ. ಹಾಗೆಯೇ ಮೌಂಟ್ ಹ್ಯಾರಿಯೆಟ್. ನಮ್ಮ ಹಳೆಯ ಇಪ್ಪತ್ತು ರೂಪಾಯಿ ನೋಟಿನ ಹಿಂಬದಿಯ ತೆಂಗು, ದೀಪಸ್ತಂಭ, ಕಡಲಿನ ಚಿತ್ರ ಆ ಗುಡ್ಡದ ಮಗ್ಗುಲಿನದೇ ಎಂದು ಎಲ್ಲ ಗೈಡುಗಳೂ ಹೇಳುತ್ತಾರೆ. 1872ರ ಫೆಬ್ರವರಿ 8ರಂದು ವೈಸರಾಯ್ ಲಾರ್ಡ್ ಮೇಯೊ ಆ ಗುಡ್ಡದ ಮೇಲಿನಿಂದ ಸೂರ್ಯಾಸ್ತ ನೋಡಿ ಇಳಿದು ಬಂದಾಗ, ಕೆಳಗಿನ ಜೆಟ್ಟಿಯಲ್ಲಿ ಶೇರ್ ಅಲಿ ಎಂಬ ಪಠಾಣ ಕೈದಿ ಅವನನ್ನು ಇರಿದು ಕೊಂದ. ಅದನ್ನೂ ಹೇಳುತ್ತಾರೆ. ಹ್ಯಾರಿಯೆಟ್ ಯಾರು ಎಂಬುದನ್ನು ಮಾತ್ರ ಹೇಳುವುದಿಲ್ಲ.

ಅವಳು ಇಲ್ಲಿಯ ಸೂಪರಿಂಟೆಂಡೆಂಟ್ ಕರ್ನಲ್ ಟೈಟ್ಲರನ ಹೆಂಡತಿ. 1857ರಲ್ಲಿ ದಿಲ್ಲಿಯ ಗುಡ್ಡದ ಮೇಲೆ ಇಂಗ್ಲಿಷ್ ಸೈನ್ಯ ಬೀಡುಬಿಟ್ಟಿದ್ದಾಗ ಎತ್ತಿನ ಗಾಡಿಯೊಳಗೆ ಮಗನನ್ನು ಹೆತ್ತವಳು. ಮಳೆಗಾಲದ ಯುದ್ಧಭೂಮಿಯಲ್ಲಿ, ಹುಲ್ಲಿನ ಹಾಸಿಗೆಯ ಮೇಲೆ ಬಾಣಂತನ. ಆ ಮಗುವಿನ ಹೆಸರಿನಲ್ಲಿ ‘ದಿಲ್ಲಿ ಫೋರ್ಸ್’ ಎಂಬುದನ್ನೂ ಸೇರಿಸಿದರು. ಅದೇ ಬಂಡಾಯದಲ್ಲಿ ಸೋತವರು ಸಂಕೋಲೆ ತೊಟ್ಟು ಬಂದ ದ್ವೀಪಕ್ಕೆ ಐದು ವರ್ಷದ ಮೇಲೆ ಅವಳು ದೊರೆಸಾನಿಯಾಗಿ ಬಂದಳು, ಗುಡ್ಡಕ್ಕೆ ಅವಳ ಹೆಸರಾಯಿತು. ಅವಳ ಬಾಣಂತನದ ಕಥೆ ಓದಿ ನನಗೆ ಕನಿಕರವಾದದ್ದು ನಿಜ. ಕಾಶೀಬಾಯಿಗೆ ಅಷ್ಟು ಹುಲ್ಲಿನ ಹಾಸಿಗೆಯೂ ಇರಲಿಲ್ಲ ಎಂದು ನೆನಪಾದದ್ದೂ ನಿಜ. 1891ರ ಯುದ್ಧದಲ್ಲಿ ಸೋತ ಮಣಿಪುರದ ಮಹಾರಾಜ ಕುಲಚಂದ್ರ ಮತ್ತು ಸಂಗಡಿಗರನ್ನು ಇದೇ ಗುಡ್ಡದ ಮೇಲೆ ಇಟ್ಟಿದ್ದರಿಂದ 2021ರಲ್ಲಿ ಗುಡ್ಡಕ್ಕೆ ಮೌಂಟ್ ಮಣಿಪುರ ಎಂದು ಹೆಸರಿಟ್ಟರು.

ಇಷ್ಟರವರೆಗೆ ಹೇಳಿದ್ದೆಲ್ಲ ಹೊರಗಿನಿಂದ ಬಂದವರ ಕಥೆ. ದ್ವೀಪ ಖಾಲಿಯೇನೂ ಇರಲಿಲ್ಲ. ರಾಸ್‌ಗೆ ದೋಣಿ ಹತ್ತುವ ಅಬರ್ಡೀನ್ ಜೆಟ್ಟಿಯ ಬಳಿ ಒಂದು ಸ್ಮಾರಕವಿದೆ. 1859ರ ಮೇ 17ರಂದು ಅಂಡಮಾನಿನ ಮೂಲನಿವಾಸಿಗಳು ಬಿಲ್ಲುಬಾಣ ಹಿಡಿದು ಬ್ರಿಟಿಷರ ನೆಲೆಯ ಮೇಲೆ ಏರಿಬಂದ ನೆನಪಿಗೆ. ಅವರು ಸೋತರು, ಏಕೆಂದರೆ ಸುದ್ದಿ ಮೊದಲೇ ಮುಟ್ಟಿತ್ತು. ಮುಟ್ಟಿಸಿದವನು ದೂಧನಾಥ ತಿವಾರಿ ಎಂಬ ಕೈದಿ. ಅವನು ಹಿಂದಿನ ವರ್ಷ ತಪ್ಪಿಸಿಕೊಂಡು ಹೋಗಿ, ಬಾಣದ ಪೆಟ್ಟು ತಿಂದು ಸಾಯಲಿದ್ದವನು. ಆ ಜನರೇ ಉಳಿಸಿ, ತಮ್ಮೊಳಗೆ ಸೇರಿಸಿಕೊಂಡು, ಲೀಪಾ ಮತ್ತು ಜಿಗಾ ಎಂಬ ಇಬ್ಬರು ಹುಡುಗಿಯರನ್ನು ಕೊಟ್ಟಿದ್ದರು. ದಾಳಿಯ ಹೊತ್ತಿಗೆ ಅವನು ಓಡಿಬಂದು ಗುಟ್ಟು ಹೇಳಿ, ಕ್ಷಮಾದಾನ ಪಡೆದು ಊರಿಗೆ ಹೋದ. ಲೀಪಾ ಆಗ ಬಸುರಿ. ಚರಿತ್ರೆಯ ಪುಸ್ತಕಗಳಲ್ಲಿ ತಿವಾರಿ ದ್ರೋಹಿಯೋ ಜಾಣನೋ ಎಂಬ ಚರ್ಚೆ ಇದೆ. ಲೀಪಾಳ ಕಡೆಯಿಂದ ನೋಡಿದರೆ ಚರ್ಚೆಗೆ ಏನೂ ಉಳಿಯುವುದಿಲ್ಲ.

ಊರಿಗೆ ಹತ್ತಿರದ ಕಾರ್ಬಿನ್ಸ್ ಕೋವ್ ಎಂಬ ಬೀಚಿನಲ್ಲಿ ಈಗ ಸ್ಪೀಡ್ ಬೋಟ್ ಓಡಿಸುತ್ತಾರೆ, ಎಳನೀರು ಮಾರುತ್ತಾರೆ. ಕಾರ್ಬಿನ್ ಎಂದರೆ ಇಲ್ಲಿದ್ದ ಪಾದ್ರಿ. 1863ರಲ್ಲಿ ಪ್ರ್ಯಾಟ್ ಎಂಬ ನಾವಿಕ ಅಂಡಮಾನಿ ಹೆಂಗಸೊಬ್ಬಳ ಮೇಲೆ ಕೈಮಾಡಲು ಹೋಗಿ ಅವಳ ಕಡೆಯವರ ಕೈಯಲ್ಲಿ ಸತ್ತ. ಸರ್ಕಾರ ಹಿಡಿದದ್ದು ಅವರನ್ನು. ಒಬ್ಬನಿಗೆ ಸ್ನೋಬಾಲ್, ಇನ್ನೊಬ್ಬನಿಗೆ ಜಂಬೊ ಎಂದು ಬೆಕ್ಕುನಾಯಿಗೆ ಇಟ್ಟ ಹಾಗೆ ಹೆಸರಿಟ್ಟರು. ಜಂಬೊನ ಹೆಂಡತಿ ರಾಸ್ ದ್ವೀಪಕ್ಕೆ ಬಂದಳು. ಅವಳಿಗೆ ಟಾಪ್ಸಿ ಎಂದು ಹೆಸರಿಟ್ಟರು. ಅವಳಂಥವರಿಗಾಗಿ ಕಾರ್ಬಿನ್ ‘ಅಂಡಮಾನ್ ಹೋಂ’ ತೆರೆದು ಬಟ್ಟೆ ತೊಡಿಸಿದ, ಇಂಗ್ಲಿಷ್ ಕಲಿಸಿದ. ಅಂಥ ಹೋಂಗಳ ಸಹವಾಸದಿಂದ ಅವರಿಗೆ ಸಿಕ್ಕ ಇನ್ನೊಂದು ಕೊಡುಗೆ ರೋಗ. ಮೊದಲು ಉಪದಂಶ, 1877ರಲ್ಲಿ ದಡಾರ. ಬ್ರಿಟಿಷರು ಬಂದಾಗ ಸಾವಿರಾರು ಇದ್ದ ಗ್ರೇಟ್ ಅಂಡಮಾನಿಗಳು 1901ರ ಜನಗಣತಿಯ ಹೊತ್ತಿಗೆ 625 ಮಂದಿ. ಅವರ ಹಲವು ಭಾಷೆಗಳಲ್ಲಿ ಒಂದಾದ ‘ಬೊ’ ಭಾಷೆ ಆಡುವವರಲ್ಲಿ ಕೊನೆಯವಳು ಬೋವಾ ಸೀನಿಯರ್ ಎಂಬ ಅಜ್ಜಿ. ಸುಮಾರು 85 ವರ್ಷ ಬದುಕಿ 2010ರ ಜನವರಿ 26ರಂದು ತೀರಿಕೊಂಡಳು. ಭಾಷಾತಜ್ಞೆ ಅನ್ವಿತಾ ಅಬ್ಬಿಯವರು ಅವಳ ದನಿಯನ್ನು ದಾಖಲು ಮಾಡಿಟ್ಟಿದ್ದಾರೆ. ತನ್ನ ಭಾಷೆಯಲ್ಲಿ ಮಾತಾಡಲು ಮನುಷ್ಯರು ಯಾರೂ ಉಳಿಯದೆ ಅವಳು ಹಕ್ಕಿಗಳೊಡನೆ ಮಾತಾಡುತ್ತಿದ್ದಳಂತೆ. ಮಾತಾಡುವವರಿಲ್ಲದ ಮನೆಯ ಮಧ್ಯಾಹ್ನಗಳು ನಮ್ಮಲ್ಲೂ ಬಹಳ ಜನಕ್ಕೆ ಗೊತ್ತು, ಆದರೆ ಅದು ಬೇರೆ.

ಬಾರಾಟಾಂಗಿನ ಗುಹೆ ನೋಡಲು ಹೋಗುವ ರಸ್ತೆ ಜಾರವಾ ಜನರ ಕಾಡಿನ ನಡುವೆ ಹಾದುಹೋಗುತ್ತದೆ. ವಾಹನಗಳು ಸಾಲಾಗಿ ಪೊಲೀಸರ ಕಾವಲಿನಲ್ಲಿ ಹೋಗಬೇಕು, ನಿಲ್ಲಿಸುವಂತಿಲ್ಲ, ಫೋಟೋ ತೆಗೆಯುವಂತಿಲ್ಲ, ತಿಂಡಿ ಎಸೆಯುವಂತಿಲ್ಲ. ಇಷ್ಟು ನಿಯಮ ಯಾಕೆ ಬಂತೆಂದರೆ ಜನ ಇದನ್ನೆಲ್ಲ ಮಾಡಿದ್ದರು. ಬಿಸ್ಕತ್ತು ತೋರಿಸಿ ಜಾರವಾ ಹೆಣ್ಣುಮಕ್ಕಳನ್ನು ಕುಣಿಸಿದ ಚಿತ್ರ 2012ರಲ್ಲಿ ಹೊರಬಂದು ದೇಶವೆಲ್ಲ ತಲೆತಗ್ಗಿಸಿತು. ರಸ್ತೆಯನ್ನು ಮುಚ್ಚಬೇಕೆಂದು ಸುಪ್ರೀಂ ಕೋರ್ಟು 2002ರಲ್ಲೇ ಹೇಳಿತ್ತು. ಸಮುದ್ರದ ಮೇಲಿಂದ ಹೋಗುವ ದಾರಿಯೂ 2017ರಿಂದ ಇದೆ. ನನ್ನ ಕೇಳಿದರೆ, ಹೋಗಲೇಬೇಕೆನ್ನುವವರು ದೋಣಿಯಲ್ಲಿ ಹೋಗಿ.

ಇದೇ ಸಾಲಿನಲ್ಲಿ ಒಂದು ಒಳ್ಳೆಯ ಸುದ್ದಿಯನ್ನೂ ಹೇಳಬೇಕು. ಯಾರನ್ನೂ ಹತ್ತಿರ ಸೇರಿಸದ ಸೆಂಟಿನೆಲ್ ದ್ವೀಪದವರ ಬಳಿಗೆ 1991ರ ಜನವರಿ 4ರಂದು ಒಂದು ತಂಡ ಹೋಯಿತು. ಅದರಲ್ಲಿದ್ದ ಏಕೈಕ ಹೆಂಗಸು ಮಾನವಶಾಸ್ತ್ರಜ್ಞೆ ಮಧುಮಾಲಾ ಚಟ್ಟೋಪಾಧ್ಯಾಯ. ದೋಣಿಯಿಂದ ತೆಂಗಿನಕಾಯಿ ತೇಲಿಬಿಟ್ಟರು. ಅವರು ನೀರಿಗಿಳಿದು ಆರಿಸಿಕೊಂಡರು. ಒಬ್ಬ ಹುಡುಗ ಬಾಣ ಹೂಡಿದ. ಪಕ್ಕದಲ್ಲಿದ್ದ ಸೆಂಟಿನೆಲಿ ಹೆಂಗಸೊಬ್ಬಳು ಅವನನ್ನು ತಳ್ಳಿದಳು, ಬಾಣ ನೀರಿಗೆ ಬಿತ್ತು. ಆಮೇಲೆ ಕಾಯಿಗಳನ್ನು ಕೈಯಿಂದ ಕೈಗೇ ಕೊಟ್ಟರು. ಮುಂದಿನ ವರ್ಷಗಳಲ್ಲಿ ಸರ್ಕಾರ ಇಂಥ ಭೇಟಿಗಳನ್ನು ನಿಲ್ಲಿಸಿತು, ಅವರನ್ನು ಅವರ ಪಾಡಿಗೆ ಬಿಡುವುದೇ ಸರಿ ಎಂದು. ನನಗೂ ಅದೇ ಸರಿ ಎನಿಸುತ್ತದೆ.

ಟೂರಿನ ಕೊನೆಯ ಎರಡು ದಿನ ಎಲ್ಲರಿಗೂ ಹ್ಯಾವ್‌ಲಾಕ್ ಮತ್ತು ನೀಲ್. ಎರಡೂ 1857ರ ಬಂಡಾಯವನ್ನು ತುಳಿದ ಇಂಗ್ಲಿಷ್ ಸೇನಾನಿಗಳ ಹೆಸರು. ನೀಲನಂತೂ ಅಲಹಾಬಾದು, ಕಾನ್ಪುರಗಳಲ್ಲಿ ಮಾಡಿದ್ದು ರಾಕ್ಷಸರ ಕೆಲಸ. 2018ರಿಂದ ಇವು ಸ್ವರಾಜ್ ದ್ವೀಪ, ಶಹೀದ್ ದ್ವೀಪ. ಆದರೆ ಹೆಸರು ಬದಲಿಸುವ ಕೆಲಸವನ್ನು ಸರ್ಕಾರಕ್ಕಿಂತ ಎಷ್ಟೋ ಮೊದಲೇ ಬೇರೆಯವರು ಶುರುಮಾಡಿದ್ದರು. ದೇಶ ಒಡೆದಾಗ ಪೂರ್ವ ಬಂಗಾಳದಲ್ಲಿ ಮನೆಮಾರು ಕಳಕೊಂಡ ಕುಟುಂಬಗಳನ್ನು 1950ರ ದಶಕದಲ್ಲಿ ಹ್ಯಾವ್‌ಲಾಕಿಗೆ, ಆಮೇಲೆ ನೀಲ್‌ಗೆ ತಂದು ಬಿಟ್ಟರು. ಕಾಡು ಕಡಿದು ಗದ್ದೆ ಮಾಡಿ, ಹಾವು, ಜಿಗಣೆ, ಮಲೇರಿಯಾಗಳ ನಡುವೆ ಮಕ್ಕಳನ್ನು ಸಾಕಿದ ಆ ಜನ ಹ್ಯಾವ್‌ಲಾಕಿನೊಳಗೆ ರಾಧಾನಗರ, ಗೋವಿಂದನಗರ, ಕೃಷ್ಣನಗರ, ಶ್ಯಾಮನಗರಗಳನ್ನು ಮಾಡಿಕೊಂಡರು. ರಾಧಾನಗರದ ಕಿನಾರೆಯನ್ನು 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದಲ್ಲೇ ಶ್ರೇಷ್ಠ ಎಂದು ಹೊಗಳಿದ ಮೇಲೆ ಅಲ್ಲಿ ಕಾಲಿಡಲು ಜಾಗವಿಲ್ಲ. ಕಿನಾರೆಯ ಹಿಂದಿನ ಚಿಕ್ಕ ಹೋಟೆಲುಗಳಲ್ಲಿ ಅನ್ನ, ಮೀನಿನ ಸಾರು ಬಡಿಸುವ ಹೆಂಗಸರು ಆ ನಿರಾಶ್ರಿತರ ಮೊಮ್ಮಕ್ಕಳು. ಸಸ್ಯಾಹಾರಿಗಳಿಗೆ ಬದನೆಕಾಯಿ ಹುರಿದು ಕೊಡುತ್ತಾರೆ, ಚೆನ್ನಾಗಿರುತ್ತದೆ.

ನೀಲ್ ಇನ್ನೂ ಚಿಕ್ಕದು, ಸುತ್ತಮುತ್ತಲ ದ್ವೀಪಗಳಿಗೆಲ್ಲ ತರಕಾರಿ ಬೆಳೆದು ಕಳಿಸುವ ಊರು. ಅಲ್ಲಿಯವರು ರಾಮಾಯಣ ಹಿಡಿದುಕೊಂಡರು. ರಾಮನಗರ, ಭರತಪುರ, ಲಕ್ಷ್ಮಣಪುರ, ಸೀತಾಪುರ. ಸೂರ್ಯ ಮುಳುಗುವುದನ್ನು ಲಕ್ಷ್ಮಣಪುರದಲ್ಲಿ ನೋಡಬೇಕು, ಹುಟ್ಟುವುದನ್ನು ಸೀತಾಪುರದಲ್ಲಿ. ಬೆಳಗಿನ ಜಾವ ನಾಲ್ಕೂವರೆಗೆ ಆಟೋದವನಿಗೆ ಹೇಳಿಟ್ಟರೆ ಬಂದು ಕರೆದುಕೊಂಡು ಹೋಗುತ್ತಾನೆ.